ಡಬ್ಬಿಯಲ್ಲಿ ಎರಡು ಸುತ್ತು

ಶಿರಾದ ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡ್ಲೆಕಾಯಿ ಮಾರುವ ಮಹಾಲಕ್ಷ್ಮಮ್ಮನಿಗೆ ಜಗಳ ಆಡಲು ಚೆನ್ನಾಗಿ ಬರುತ್ತಿತ್ತು. ಅದೇನು ಮಹಾ ವಿದ್ಯೆ ಎಂದು ನೀವು ಮೂಗು ಮುರಿಯಬಹುದು. ಆದರೆ ಈ ಊರಿನಲ್ಲಿ ಆಕೆಗೆ ದಕ್ಕಿದ್ದೆಲ್ಲ ಜಗಳದಿಂದಲೇ ದಕ್ಕಿದ್ದು. ಬುಟ್ಟಿ ಹಿಡಿದುಕೊಂಡು ಬಸ್ಸು ಹತ್ತಬೇಡ ಎಂದ ಕಂಡಕ್ಟರುಗಳ ಜನ್ಮ ಜಾಲಾಡಿಯೇ ಹತ್ತಿದಳು. ತಮ್ಮ ಕೇರಿಯ ಮುಂದೆ ನಿಲ್ಲಿಸದೆ ಹೋಗುತ್ತಿದ್ದ ಬಸ್ಸಿಗೆ ಅಡ್ಡವಾಗಿ ಬುಟ್ಟಿಯಿಟ್ಟು ಕೂತಳು. ಮಾರನೆಯ ದಿನದಿಂದ ಬಸ್ಸು ನಿಂತಿತು. ಬೆಳಿಗ್ಗೆ ಬೈಸಿಕೊಂಡ ಡ್ರೈವರೇ ಸಂಜೆಗೆ ಕಿಟಕಿಯಿಂದ ಕೈ ಚಾಚಿ, "ಅಕ್ಕಾ, ಒಂದ್ ಪಾವು ಕೊಡು, ಉಪ್ಪು ಜಾಸ್ತಿ ಇರೋದು ನೋಡ್ಕೊಡು" ಎಂದು ಕೇಳುತ್ತಿದ್ದ. ಮನುಷ್ಯರೆಂದರೆ ಹಾಗೆ. ಬೈದರೆ ಮುಖ ಕೆಂಪಾಗುತ್ತದೆ, ಆಮೇಲೆ ನಾಚಿಕೆಯಾಗುತ್ತದೆ, ಆಮೇಲೆ ಏನೋ ಒಂದು ದಾರಿಯಾಗುತ್ತದೆ.

ಆಕೆಯ ಜಗಳಗಳಲ್ಲೆಲ್ಲ ದೊಡ್ಡದು ಸ್ಮಶಾನದ ದಾರಿಯದು. ಕೋಟೆಯ ಹಿಂದಿನ ಆ ಕೇರಿಯವರಿಗೆ ಕೆರೆ ಏರಿಯ ಪಕ್ಕ ಮಣ್ಣು ಮಾಡುವ ಜಾಗವಿತ್ತು, ಅಲ್ಲಿಗೆ ಹೋಗಲು ನೆಟ್ಟಗಿನ ದಾರಿಯೂ ಇತ್ತು. ಆದರೆ ಆ ದಾರಿ ಮೇಲಿನ ಬೀದಿಯವರ ತೋಟಗಳ ಮಗ್ಗುಲಲ್ಲಿ ಹಾಯುತ್ತಿದ್ದುದರಿಂದ ಕೇರಿಯ ಹೆಣಗಳು ಅದರ ಮೇಲೆ ಹೋಗುವಂತಿರಲಿಲ್ಲ. ಹಿಂದುಗಡೆ ಜಾಲಿ ಬೆಳೆದ ಮೋರಿಯ ದಾರಿ ಇತ್ತಲ್ಲ, ಮೊಣಕಾಲುದ್ದ ಕೊಚ್ಚೆಯಲ್ಲಿ ಹೊತ್ತುಕೊಂಡು ಹೋಗಬೇಕಿತ್ತು. ಮಹಾಲಕ್ಷ್ಮಮ್ಮನ ಅತ್ತೆ ಸತ್ತಾಗ ಆಕೆ ಇನ್ನೂ ಎಳೆಯ ಸೊಸೆ. ಮೇಲಿನ ಬೀದಿಯವರು ಅಡ್ಡಗಟ್ಟಿದರು. ಕೇರಿಯವರ ಕಡೆ ಹೆಣವನ್ನು ಮಲಗಿಸುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಈ ಸೊಸೆ ಅತ್ತೆಯನ್ನು ನಡುದಾರಿಯಲ್ಲೇ ಇಳಿಸಿ, ತಾನೂ ಪಕ್ಕದಲ್ಲಿ ಕೂತು, ಎದುರು ನಿಂತವರ ಒಬ್ಬೊಬ್ಬರ ಹೆಸರು ಹಿಡಿದು ಮಂಗಳಾರತಿ ಎತ್ತಿದಳು. ಹೊತ್ತು ಇಳಿಯುವುದರೊಳಗೆ ತಹಸೀಲ್ದಾರರು ಬಂದರು, ದಾರಿ ಬಿಡಿಸಿದರು. ಆಕೆಯ ಗಂಡ ಚಿಕ್ಕನರಸಯ್ಯ ಅಂದು ಒಂದು ಮೂಲೆಯಲ್ಲಿ ತಲೆತಗ್ಗಿಸಿ ನಿಂತಿದ್ದ. ಲಾರಿ ಓಡಿಸುತ್ತಿದ್ದ ಅವನು ಹಾರನ್ ಹೊಡೆಯುವುದಕ್ಕೂ ಸಂಕೋಚಪಡುವಷ್ಟು ಮೆತ್ತನೆಯ ಆಸಾಮಿ. ಮೇಲಿನ ಬೀದಿ ಬಂದರೆ ಆಮೇಲೂ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದ. ಹೆಂಡತಿ ಅದಕ್ಕೂ ಬೈಯುತ್ತಿದ್ದಳು.

ಇಂಥ ಊರಿಗೆ 'ಪಾಡ್' ಎಂಬುದೊಂದು ಬಂತು. ನಾಲ್ಕು ಸೀಟಿನ ಬಿಳಿ ಗಾಡಿ. ಡ್ರೈವರಿಲ್ಲ, ಸ್ಟೀರಿಂಗಿಲ್ಲ, ಕಂಡಕ್ಟರಿಲ್ಲ. ಯಾವುದೋ ಕಂಪನಿಯವರು ಇಂಥ ಮೂರ್ನಾಲ್ಕನ್ನು ಸಣ್ಣ ಊರಿನಲ್ಲಿ ಓಡಿಸಿ ನೋಡಬೇಕೆಂದು ತಂದರಂತೆ. ಬಸ್ ಸ್ಟ್ಯಾಂಡು, ಮೇಲಿನ ಬೀದಿ, ಕೋಟೆ, ಕೇರಿ, ಕೆರೆ ಏರಿ, ಮತ್ತೆ ಬಸ್ ಸ್ಟ್ಯಾಂಡು ಎಂದು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವು. ಊರಿನವರು ಅವಕ್ಕೆ ಡಬ್ಬಿ ಎಂದು ಹೆಸರಿಟ್ಟರು. ಮಹಾಲಕ್ಷ್ಮಮ್ಮ ಮೊದಲ ದಿನವೇ ಬುಟ್ಟಿ ಹಿಡಿದು ಹತ್ತಿದಳು. "ಮಾರಾಟಕ್ಕೆ ಅವಕಾಶವಿಲ್ಲ, ದಯವಿಟ್ಟು ಇಳಿಯಿರಿ" ಎಂದು ಒಂದು ಹೆಣ್ಣು ದನಿ ಸಕ್ಕರೆ ಸುರಿದ ಹಾಗೆ ಹೇಳಿತು. ಆಕೆ ಸೆರಗು ಸಿಕ್ಕಿಸಿಕೊಂಡು ಅದರ ಏಳು ತಲೆಮಾರನ್ನೂ ಬಿಡದೆ ಬೈದಳು. ಡಬ್ಬಿ ಎಲ್ಲವನ್ನೂ ಕೇಳಿಸಿಕೊಂಡು, "ನಿಮ್ಮ ಸಲಹೆಗೆ ಧನ್ಯವಾದಗಳು" ಎಂದಿತು. ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆಗೆ ಮಾತ್ರ ನಗು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬೈಗುಳ ವ್ಯರ್ಥವಾಗಿತ್ತು.

ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಕೇರಿಯಿಂದ ಕೆರೆ ಏರಿಗೆ ಡಬ್ಬಿ ಓಡಿಸಲು ಕಂಪನಿಯವರು ಆರಿಸಿಕೊಂಡದ್ದು ಆ ಸ್ಮಶಾನದ ದಾರಿಯನ್ನೇ. ಎರಡು ಬದಿಗೂ ತಂತಿಬೇಲಿ ಹಾಕಿದರು, ಕೇರಿಯ ತುದಿಯಲ್ಲಿ ಗೇಟು ನಿಲ್ಲಿಸಿ, ಡಬ್ಬಿ ಬಂದಾಗ ಮಾತ್ರ ತಾನೇ ತೆರೆದು ಮುಚ್ಚುವ ಬೀಗ ಜಡಿದರು, 'ಪಾಡ್ ಪ್ರಯಾಣಿಕರಿಗೆ ಮಾತ್ರ' ಎಂದು ಬೋರ್ಡು ಬರೆಸಿದರು. ಮಹಾಲಕ್ಷ್ಮಮ್ಮ ಕಂಪನಿಯ ಆಫೀಸಿಗೆ ನುಗ್ಗಿದಳು. ಅಲ್ಲಿದ್ದವನು ಹಾಲೇಶ್ ಎಂಬ ಸೂಪರ್‌ವೈಸರ್.

"ಹೆಣ ಯಾವ್ ದಾರೀಲಿ ಹೊತ್ಕಂಡೋಗಾನ ಹೇಳಪ್ಪ?"

"ಹಿಂದ್ಗಡೆ ಮೋರಿ ಪಕ್ಕ ದಾರಿ ಐತಲ್ಲ ಕಣಮ್ಮ. ಸುರಕ್ಷತೆ ದೃಷ್ಟಿಯಿಂದ ಅದೇ ಒಳ್ಳೇದು."

"ಆವತ್ತು ಮೇಲಿನ ಬೀದಿಯೋರು ಹೇಳಿದ್ದೂ ಅದೇ ದಾರಿ ಕಣ್ಲಾ! ನೀನೂ ಅದ್ನೇ ಹೇಳ್ತೀಯಲ್ಲ, ನಾಚ್ಕೆ ಆಗಾಕಿಲ್ವ?"

ಹಾಲೇಶನಿಗೆ ನಾಚಿಕೆಯಾಯಿತೋ ಏನೋ, ಕಂಪ್ಯೂಟರಿನ ಕಡೆ ತಿರುಗಿಕೊಂಡ. "ನನ್ ಕೈಲೇನೈತಮ್ಮ? ಗೇಟು, ಗಾಡಿ, ಟೈಮು, ಎಲ್ಲಾ ಸಿಸ್ಟಮ್ಮೇ ನೋಡ್ಕಳ್ತದೆ. ಅದುಕ್ಕೆ ಯಾರೂ ಹೇಳಂಗಿಲ್ಲ" ಎಂದ. ಆಕೆ ಆ ಸಿಸ್ಟಮ್ಮು ಎಲ್ಲಿ ಕೂತಿರುತ್ತದೆ, ತೋರಿಸು ಎಂದಳು. ಯಾರಿಗೂ ತೋರಿಸಲಾಗಲಿಲ್ಲ.

ಅದಾದ ಮೇಲೆ ಚಿಕ್ಕನರಸಯ್ಯ ಹಾಸಿಗೆ ಹಿಡಿದ. ಯಾವತ್ತೂ ಬಾಯಿಬಿಟ್ಟು ಏನನ್ನೂ ಕೇಳದಿದ್ದವನು ಒಂದು ಮಧ್ಯಾಹ್ನ ಹೆಂಡತಿಯ ಕೈ ಹಿಡಿದು, "ಅವ್ವ ಹೋದ ದಾರೀಲೇ ನನ್ನೂ ಕಳ್ಸು. ಮೋರೀಲಿ ಬ್ಯಾಡ ಕಣೆ" ಎಂದ. ಆಕೆ, "ಸಾಯೋ ಮಾತ್ಯಾಕೆ, ಗಂಜಿ ಕುಡಿ" ಎಂದು ಗದರಿದಳು. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತು. ಗಂಡನಿಗಾಗಿ ಆಕೆ ಎಲ್ಲರ ಜೊತೆ ಹೊಡೆದಾಡಬಲ್ಲಳು. ಈಗ ಹೊಡೆದಾಡುವುದು ಯಾರ ಜೊತೆ?

ಅವನು ಬೆಳಗಿನ ಜಾವ ತೀರಿಕೊಂಡ. ಗೋಡೆಗೆ ಒರಗಿಸಿ, ಬಟ್ಟೆ ಕಟ್ಟಿ ಕೂರಿಸಿದರು. ಪೇಟ ಸುತ್ತಿದರು, ಹಾರ ಹಾಕಿದರು. ಮಧುಗಿರಿಯಿಂದ ನೆಂಟರು ಬರುವಷ್ಟರಲ್ಲಿ ಹೊತ್ತು ಇಳಿಮುಖವಾಗಿತ್ತು. ಬಿದಿರಿನ ಕುರ್ಚಿಯಲ್ಲಿ ಕೂರಿಸಿ, ತಮಟೆ ಬಡಿಯುತ್ತ, ಪುರಿ ಎರಚುತ್ತ ಗೇಟಿನ ಹತ್ತಿರ ಬಂದರು. ಬೀಗ ಹಾಗೇ ಇತ್ತು. ಟೀಚರಾಗಿದ್ದ ಮಗಳು ಸಹನಾ ಹಾಲೇಶನಿಗೆ ಫೋನು ಮಾಡಿದಳು. ಅವನು, "ಮೇಲಿಂದ ಆರ್ಡರ್ ಬರ್ಬೇಕು ಮೇಡಂ, ಅದು ಪ್ರಯಾಣಿಕರ ದಾರಿ" ಎಂದು ಹಾಡಿದ್ದನ್ನೇ ಹಾಡಿದ. ಮಹಾಲಕ್ಷ್ಮಮ್ಮನ ಅಣ್ಣನ ಮಗ ಮುತ್ತುರಾಜ್ ಬೀಗ ಒಡೆಯಲು ಕಲ್ಲು ಎತ್ತಿಕೊಂಡ. ಪೊಲೀಸು, ಕೇಸು ಎಂದು ಹಿರಿಯರು ಅವನ ಕೈ ಹಿಡಿದರು. ಸೂರ್ಯ ಮುಳುಗುವುದರೊಳಗೆ ಮಣ್ಣು ಮಾಡಬೇಕು, ಮೋರಿ ದಾರಿಯಲ್ಲೇ ಹೋಗಿಬಿಡೋಣ ಎಂದು ಯಾರೋ ಗೊಣಗಿದರು.

ಮಹಾಲಕ್ಷ್ಮಮ್ಮ ಬೋರ್ಡನ್ನು ನೋಡುತ್ತ ನಿಂತಿದ್ದಳು. "ಪ್ರಯಾಣಿಕ್ರಿಗೆ ಮಾತ್ರ ಅಂತ ತಾನೆ ಬರ್ದಿರಾದು? ಟಿಕೇಟ್ ತಗಳೇ ಸಹನಾ. ನಿಮ್ಮಪ್ಪ ಪ್ರಯಾಣಿಕನಾಗೇ ಹೋಗ್ಲಿ" ಎಂದಳು.

ಜನ ಬಾಯಿ ಬಿಟ್ಟರು. ಆಕೆ ಯಾರ ಮಾತನ್ನೂ ಕೇಳಲಿಲ್ಲ. ಯಾವ ಬಸ್ಸಿನವನೂ, ಯಾವ ಟೆಂಪೋದವನೂ ಹೆಣ ಹತ್ತಿಸಿಕೊಳ್ಳುವುದಿಲ್ಲ. ಅದರಲ್ಲೂ ಆ ಕೇರಿಯ ಹೆಣವನ್ನು ಮೊದಲೇ ಇಲ್ಲ. ಈ ಡಬ್ಬಿಯಲ್ಲಿ ಬೇಡ ಎನ್ನುವವರೇ ಇರಲಿಲ್ಲವಲ್ಲ! ಗೇಟಿನ ಪಕ್ಕದ ನಿಲ್ದಾಣಕ್ಕೆ ಖಾಲಿ ಡಬ್ಬಿ ಬಂತು. ಮುತ್ತುರಾಜ್ ಮತ್ತು ಇನ್ನಿಬ್ಬರು ಚಿಕ್ಕನರಸಯ್ಯನನ್ನು ಎತ್ತಿ ಸೀಟಿನಲ್ಲಿ ಕೂರಿಸಿದರು. "ಸೀಟ್ ಬೆಲ್ಟ್ ಧರಿಸಿ" ಎಂದಿತು. ಧರಿಸಿದರು. ಮಹಾಲಕ್ಷ್ಮಮ್ಮ ಪಕ್ಕದಲ್ಲಿ ಕೂತು, ವಾಲುತ್ತಿದ್ದ ಗಂಡನನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಹೊರಗಿಟ್ಟಿದ್ದ ಮಡಿಕೆ ತರಲೆಂದು ಮೂವರೂ ಕೆಳಗಿಳಿದದ್ದೇ ತಡ, "ಬಾಗಿಲು ಮುಚ್ಚುತ್ತಿದೆ" ಎಂದು ಡಬ್ಬಿ ಹೊರಟೇಬಿಟ್ಟಿತು.

"ಲೇ, ತಡಿಯೋ! ಜನ ಹತ್ಬೇಕು ತಡಿಯೋ!" ಎಂದು ಆಕೆ ಕೂಗಿದಳು. ಕೂಗನ್ನು ಕೇಳಲು ಒಬ್ಬ ಡ್ರೈವರಾದರೂ ಇದ್ದರಲ್ಲವೇ! ಹಿಂದೆ ಬೇಲಿಯಾಚೆ ಜನ ಚೆಲ್ಲಾಪಿಲ್ಲಿಯಾಗಿ ಮೋರಿ ದಾರಿಯತ್ತ ಓಡುವುದು ಕಾಣಿಸಿತು. ತಮಟೆಯ ಸದ್ದು ದೂರವಾಯಿತು. ದಾರಿಯಲ್ಲಿ ಒಂದು ನಾಯಿ ಅಡ್ಡ ಬಂದಾಗ ಡಬ್ಬಿ ಮರ್ಯಾದೆಯಿಂದ ನಿಂತು, ನಾಯಿ ಹೋದ ಮೇಲೆ ಹೊರಟಿತು.

ಕೆರೆ ಏರಿ ಬಂತು. ಬಾಗಿಲು ತೆರೆಯಿತು. ಹೊರಗೆ ನರಪಿಳ್ಳೆಯಿಲ್ಲ. ಗುಂಡಿ ತೋಡಿದವರು ದೂರದಲ್ಲಿ, ಬೇಲಿಯ ಆಚೆ ಇದ್ದರು. ಬಾಗಿಲಿಗೆ ಅಡ್ಡ ನಿಲ್ಲಬೇಕೆಂದರೆ ಗಂಡನನ್ನು ಬಿಡಬೇಕು. ಬೆಲ್ಟು ಹಿಡಿದದ್ದು ಸೊಂಟವನ್ನಷ್ಟೇ, ಬಿಟ್ಟರೆ ಅವನು ಮುಂದಕ್ಕೆ ಮುಗ್ಗರಿಸಿ ಮುಖ ಜಜ್ಜಿಕೊಳ್ಳುತ್ತಾನೆ. ಊರಿನಲ್ಲಿ ಯಾರನ್ನೂ ಬೇಡದ ಆ ಹೆಂಗಸು ಗಾಜಿಗೆ, ಸೀಟಿಗೆ, ಚಾವಣಿಯ ಸಣ್ಣ ದೀಪಕ್ಕೆ ಬೇಡಿಕೊಂಡಳು. "ಒಸಿ ತಡಿಯಪ್ಪಾ. ಒಂದೇ ಗಳಿಗೆ. ಓಡಿ ಬತ್ತಾವ್ರೆ ನಮ್ಮೋರು. ನಿನ್ ಕಾಲಿಗ್ ಬೀಳ್ತೀನಿ."

"ನಿಮ್ಮ ನಿಲ್ದಾಣ ಬಂದಿದೆ. ದಯವಿಟ್ಟು ಇಳಿಯಿರಿ. ಬಾಗಿಲು ಮುಚ್ಚುತ್ತಿದೆ."

ಹೆಣ ಹತ್ತಿಸುವುದಿಲ್ಲ ಎಂದು ಬೈದು ಕಳಿಸುತ್ತಿದ್ದ ಡ್ರೈವರುಗಳು ಆಕೆಗೆ ಆಗ ನೆನಪಾದರು. ಅವರು ಕೆಟ್ಟವರೇ. ಆದರೆ ಹತ್ತಿಸಿಕೊಂಡ ಮೇಲೆ, ಒಂದು ಗಳಿಗೆ ತಡಿಯಪ್ಪ ಎಂದರೆ ಅವರಲ್ಲಿ ಎಂಥ ಚಂಡಾಲನೂ ಬೀಡಿ ಹಚ್ಚಿಕೊಂಡಾದರೂ ತಡೆಯುತ್ತಿದ್ದ.

ಹೀಗೆ ಚಿಕ್ಕನರಸಯ್ಯ ಸತ್ತ ಮೇಲೆ ಊರು ಸುತ್ತಲು ಹೊರಟ. ಬಸ್ ಸ್ಟ್ಯಾಂಡಿನಲ್ಲಿ ಬಾಗಿಲು ತೆರೆದಾಗ ಒಬ್ಬ ಬ್ಯಾಗು ಹಿಡಿದು ಒಳಗೆ ಕಾಲಿಟ್ಟು, ಹಾರ ಪೇಟ ನೋಡಿ, ಕಿರುಚಿಕೊಂಡು ಹಿಂದಕ್ಕೆ ಹಾರಿದ. ಆಮೇಲೆ ಮೇಲಿನ ಬೀದಿ. ದೇವಸ್ಥಾನದ ಮುಂದೆ ಜನ ನಿಂತಿದ್ದರು. "ದಯವಿಟ್ಟು ದಾರಿ ಬಿಡಿ" ಎಂದು ಡಬ್ಬಿ ಸಕ್ಕರೆಯ ದನಿಯಲ್ಲಿ ಹೇಳಿತು. ಅವರು ಬಿಟ್ಟರು. ಗಾಜಿನೊಳಗೆ ಕೂತವನು ಯಾರೆಂದು ಗುರುತು ಹತ್ತುವಷ್ಟರಲ್ಲಿ ಅವನು ಅವರ ಮುಂದೆ, ಪೇಟ ಸುತ್ತಿಕೊಂಡು, ನೆಟ್ಟಗೆ ಕೂತು ಸಾಗುತ್ತಿದ್ದ. ಬದುಕಿದ್ದಷ್ಟು ದಿನ ಸೈಕಲ್ಲು ತಳ್ಳಿಕೊಂಡು ಹೋದ ಬೀದಿ ಅದು. ಮಹಾಲಕ್ಷ್ಮಮ್ಮ ತಾನೂ ಬೆನ್ನು ನೆಟ್ಟಗೆ ಮಾಡಿದಳು. "ನೋಡ್ರೋ, ಕಣ್ತುಂಬ ನೋಡ್ರೋ, ಇವತ್ತು ಇಳೀನಿಲ್ಲ ನನ್ ಗಂಡ!" ಎಂದು ಗಾಜಿಗೆ ಬಾಯಿಟ್ಟು ಕೂಗಿದಳು.

ಕೂಗಿದ ಮರುಕ್ಷಣ ಮನಸ್ಸು ಕಹಿಯಾಯಿತು. ಅವರು ಒಪ್ಪಿ ಬಿಟ್ಟ ದಾರಿಯಲ್ಲ ಅದು. ಡಬ್ಬಿಗೂ ತಾನು ಯಾರನ್ನು ಹೊತ್ತಿದ್ದೇನೆ ಎಂಬುದು ಗೊತ್ತಿರಲಿಲ್ಲ. ಅದಕ್ಕೆ ಜೀವ ಇರುವವನೂ ಒಂದೇ, ಇಲ್ಲದವನೂ ಒಂದೇ; ಮೇಲಿನ ಬೀದಿಯೂ ಒಂದೇ, ಮೋರಿಯೂ ಒಂದೇ. ಇಂಥದ್ದರ ಮೇಲೆ ಕೂತು ಗೆದ್ದೆ ಎಂದು ಯಾರಿಗೆ ಹೇಳುವುದು? ಆಕೆ ಗಂಡನ ಹೆಗಲಿಗೆ ತಲೆಯಿಟ್ಟು, ಆ ದಿನ ಮೊದಲ ಬಾರಿಗೆ ಅತ್ತಳು.

ಕೇರಿಯ ನಿಲ್ದಾಣದಲ್ಲಿ ಯಾರೂ ಇರಲಿಲ್ಲ, ಎಲ್ಲ ಕೆರೆಯ ಕಡೆ ಓಡಿದ್ದರು. ಎರಡನೆಯ ಸಲ ಕೆರೆ ಏರಿ ಬಂದಾಗ ಮುತ್ತುರಾಜ್ ಬೇಲಿ ಹಾರಿ ಬಂದು ನಡುದಾರಿಯಲ್ಲಿ ಕೈ ಚಾಚಿ ನಿಂತಿದ್ದ. ಮೊಣಕಾಲಿನವರೆಗೂ ಕೊಚ್ಚೆಯಾಗಿತ್ತು. "ದಯವಿಟ್ಟು ದಾರಿ ಬಿಡಿ" ಎಂದಿತು ಡಬ್ಬಿ. "ಬುಡಾಕಿಲ್ಲ ಹೋಗಲೇ!" ಎಂದ ಅವನು. ಅದು ಮತ್ತೆ ಹೇಳಿತು, ಅವನು ಮತ್ತೆ ಬೈದ. ಅಷ್ಟರಲ್ಲಿ ಉಳಿದವರೂ ಬೇಲಿ ಹಾರಿ ಬಂದು ಚಿಕ್ಕನರಸಯ್ಯನನ್ನು ಎತ್ತಿ ಕೆಳಗಿಳಿಸಿದರು. "ನಿಮ್ಮ ವಸ್ತುಗಳನ್ನು ಮರೆಯಬೇಡಿ, ಮತ್ತೆ ಬನ್ನಿ" ಎಂದು ಡಬ್ಬಿ ಬೀಳ್ಕೊಟ್ಟಿತು. ಕೆರೆಯ ನೀರು ಕೆಂಪಾಗುವ ಹೊತ್ತಿಗೆ ಮಣ್ಣು ಹಾಕಿ ಮುಗಿಸಿದರು.

ಹೆಣ ಕೂತ ಡಬ್ಬಿ ಎಂದು ಊರೆಲ್ಲ ಸುದ್ದಿಯಾಯಿತು. ಆ ಡಬ್ಬಿ ಯಾವುದೆಂದು ಗೊತ್ತಾಗದೆ ಜನ ಎಲ್ಲ ಡಬ್ಬಿಗಳನ್ನೂ ಹತ್ತುವುದು ಬಿಟ್ಟರು. ಕಂಪನಿಯವರು ಗಾಬರಿಯಾಗಿ ಎರಡು ಕೆಲಸ ಮಾಡಿದರು. 'ಶವಗಳಿಗೆ ಪ್ರವೇಶವಿಲ್ಲ' ಎಂದು ಬೋರ್ಡು ಹಾಕಿದರು. ಶವ ಯಾವುದು, ಪ್ರಯಾಣಿಕ ಯಾರು ಎಂದು ಸಿಸ್ಟಮ್ಮಿಗೆ ತಿಳಿಯದ್ದರಿಂದ, ಗೇಟಿನ ಬಳಿ ಒಬ್ಬ ಕಾವಲುಗಾರನನ್ನು ಕೂರಿಸಿದರು. ಅವನ ಹೆಸರು ರುದ್ರಯ್ಯ, ಕಳ್ಳಂಬೆಳ್ಳದ ಕಡೆಯವನು. ಅಳತೆಗಿಂತ ದೊಡ್ಡ ಖಾಕಿ ಅಂಗಿ, ಸೊಂಟದಲ್ಲಿ ಗೇಟಿನ ಬೀಗದ ಕೈ.

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಮಹಾಲಕ್ಷ್ಮಮ್ಮ ಬುಟ್ಟಿ ಹೊತ್ತು ಅಲ್ಲಿಗೆ ಹೋದಳು. ಗಂಡ ಹೋದ ದಿನದಿಂದ ಆಕೆ ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನಮ್ ಕೇರೀಲಿ ಯಾರಾನ ಸತ್ರೆ ಬೀಗ ತೆಗೀತೀಯೋ ಇಲ್ವೋ?"

ರುದ್ರಯ್ಯ ಅತ್ತಿತ್ತ ನೋಡಿದ. "ಅದು ಸಿಸ್ಟಮ್ಮು ಕಣಮ್ಮ..."

"ಸಿಸ್ಟಮ್ ಮುಖುಕ್ ಬೆಂಕಿ ಹಾಕ. ಕೀ ಇರಾದು ನಿನ್ ಸೊಂಟ್ದಾಗೆ. ನೀನ್ ಹೇಳು."

"ನನ್ ಕೆಲ್ಸ ಹೋಗ್ತದೆ."

"ನಿಮ್ಮವ್ವನ್ನ ಮೋರೀಲಿ ಹೊತ್ಕಂಡೋಗ್ತೀಯೇನ್ಲಾ?"

ರುದ್ರಯ್ಯನ ಮುಖ ಕೆಂಪಾಯಿತು. "ನಮ್ಮವ್ವನ ಸುದ್ದಿ ಯಾಕ್ ತೆಗೀತೀಯ?" ಎಂದು ಎದ್ದು ನಿಂತ. ಅವನ ದನಿಯೂ ಏರಿತು, ಆಕೆಯದು ಅದಕ್ಕಿಂತ ಮೇಲೇರಿತು. ಕೇರಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಸಹನಾ ಓಡಿ ಬಂದು ತಾಯಿಯ ತೋಳು ಹಿಡಿದರೆ, "ಬುಡೇ, ಸಿಕ್ಕವ್ನೆ ಒಬ್ಬ!" ಎಂದು ಆಕೆ ಕೊಡವಿಕೊಂಡಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೈಗುಳವಿತ್ತು. ಬಿಸಿಲು ನೆತ್ತಿಗೇರುವ ತನಕ ಜಗಳವಾಯಿತು. ಕೊನೆಗೆ ರುದ್ರಯ್ಯ ಸುಸ್ತಾಗಿ ಸ್ಟೂಲಿನ ಮೇಲೆ ಕುಸಿದು, ತಲೆ ತಗ್ಗಿಸಿ, "ತೆಗೀತೀನಿ ಹೋಗಮ್ಮ. ಆದದ್ದಾಗ್ಲಿ, ತೆಗೀತೀನಿ" ಎಂದ.

ಆಕೆ ಬುಟ್ಟಿಯಿಂದ ಒಂದು ಪಾವು ಕಡ್ಲೆಕಾಯಿ ಅಳೆದು ಅವನ ಮಡಿಲಿಗೆ ಸುರಿದಳು.