ಗಗನಯಾತ್ರಿಗಳಿಗಾಗಿ ಅಜ್ಜಿಯ ಪ್ರಾರ್ಥನೆ

ಮಣಿಪಾಲದ ಚಿತ್ರಮಂದಿರದಲ್ಲಿ ಇವತ್ತು ಹಳೆಯ ಬಾಹ್ಯಾಕಾಶ ಸಿನಿಮಾ. ಸಾಲಿನಲ್ಲಿ ಮುಂದಿದ್ದ ಹುಡುಗಿ, "ಕತೆ ಹೇಳಬೇಡ ಮಾರಾಯ, ನಾನು ಮೊದಲ ಸಲ ನೋಡುವುದು" ಎಂದು ಗೆಳೆಯನನ್ನು ತಡೆದಳು. ನಾನೂ ಮೊದಲ ಸಲವೇ.

ಚಿಕ್ಕಂದಿನಲ್ಲಿ ಒಮ್ಮೆ ಕಾಪುವಿನ ನಮ್ಮ ಮನೆಗೆ ಚಿಕ್ಕಪ್ಪ ದುಬೈಯಿಂದ ಇದೇ ಸಿನಿಮಾದ ಕ್ಯಾಸೆಟ್ ತಂದಿದ್ದರು. ಸಂಜೆ ಮನೆಯವರೆಲ್ಲ ಕೂತು ಹೇಳುವ ಜಪಸರದ ಪ್ರಾರ್ಥನೆ ಮುಗಿಯದೆ ಟಿವಿ ಹಾಕುವಂತಿರಲಿಲ್ಲ. ಮಕ್ಕಳೆಲ್ಲ ಪ್ರಾರ್ಥನೆಯನ್ನು ಗಡಿಬಿಡಿಯಲ್ಲಿ ಓಡಿಸಿದೆವು. ಕೊನೆಗೆ ಅಜ್ಜಿ, "ಸಿನಿಮಾದವರು ಅಷ್ಟು ದೂರ ಹೋಗುವುದಲ್ವಾ? ಕ್ಷೇಮವಾಗಿ ಮನೆಗೆ ಬರಲಿ ಅಂತ ಇನ್ನೊಂದು ಹೇಳಿ" ಎಂದರು. ಚಿಕ್ಕಪ್ಪನಿಗಾಗಿ ದಿನವೂ ಹೇಳಿಸುತ್ತಿದ್ದ ಪ್ರಾರ್ಥನೆಯೇ ಅದು. ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಚಿಕ್ಕಪ್ಪ ಕ್ಯಾಸೆಟ್ ಸಮೇತ ವಿಮಾನ ಹತ್ತಿದರು.

ಈಗ ದೀಪಗಳು ಆರಿದವು. ಪರದೆಯ ಮೇಲೆ ನೌಕೆ ಹೊರಟಿತು. ಪಾಪ್‌ಕಾರ್ನ್ ಪಕ್ಕಕ್ಕಿಟ್ಟು ಅಜ್ಜಿಯ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಹೇಳಿಕೊಂಡೆ, ಈ ಸಲ ಓಡಿಸದೆ.