ಸತ್ತ ಬಳ್ಳಿ ಎಣಿಸುವ ಬಿಲ್ಕಿಸ್

ಕೊಪ್ಪ ಪೇಟೆಯ ಅಂಚಿನಲ್ಲಿ ಬಿಲ್ಕಿಸ್ ಕಾಳುಮೆಣಸಿನ ಸಸಿ ಬೆಳೆಸಿ ಮಾರುತ್ತಾಳೆ. ಗಂಡ ರಜಾಕ್ ಔಷಧಿ ಹೊಡೆಯುವ ಮೆಷಿನ್ ರಿಪೇರಿ ಮಾಡುವವನು. ಸಸಿ ಮಾರಿದೆ, ಮುಗಿಯಿತು ಎಂದು ಕೈ ಕೊಡವುವವಳಲ್ಲ ಅವಳು. ಮರುವರ್ಷ ಕೊಂಡವರ ತೋಟಕ್ಕೆ ಹೋಗಿ ಒಣಗಿದ ಬಳ್ಳಿ ಎಣಿಸುತ್ತಾಳೆ. ಸತ್ತ ಹತ್ತು ಬಳ್ಳಿಗೊಂದರಂತೆ ಕೈಯಲ್ಲಿರುವ ಬಾಳೆನಾರಿಗೆ ಗಂಟು ಹಾಕುತ್ತಾಳೆ.

“ಬದುಕಿದ್ದನ್ನ ಎಣಿಸು ಮಾರಾಯ್ತಿ, ಇದೆಂತ ಅಪಶಕುನ?” ಎಂದು ಒಮ್ಮೆ ಛೇಡಿಸಿದ್ದೆ.

“ಬದುಕಿದ್ದು ಮರ ಹತ್ತಿ ತಾನೇ ಕಾಣುತ್ತೆ, ವಾಸಪ್ಪಣ್ಣ. ಸತ್ತಿದ್ದು ಕಳೆಯೊಳಗೆ ಅಡಗಿರುತ್ತೆ. ಅದನ್ನ ಹುಡುಕಿ ಎಣಿಸಿದ್ರೆ ಉಳಿದಿದ್ದೆಲ್ಲ ಬದುಕಿದ್ದೇ ಅಲ್ವಾ?”

ಹೋದ ವರ್ಷ ಮೇಗುಂದದ ನಮ್ಮ ಬೆಳೆಗಾರರ ಸಂಘಕ್ಕೆ ನಾಲ್ಕು ಸಾವಿರ ಸಸಿ ಬೇಕಾಯಿತು. ಅವಳು ಆ ವರ್ಷ ಬೆಳೆಸಿದ್ದೇ ಅಷ್ಟು. ಯಾರಲ್ಲಿ ಕೊಳ್ಳಬೇಕೆಂದು ತೀರ್ಮಾನಿಸುವ ಕೆಲಸ ನನ್ನದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟರೂ ಸ್ವಂತ ಬುದ್ಧಿಯಲ್ಲಿ ಲೆಕ್ಕ ಕಲಿತವನು ನಾನು. ಊರಲ್ಲಿ ಯಾರ ಲೆಕ್ಕ ಸಿಕ್ಕುಗಟ್ಟಿದರೂ ಬಿಡಿಸಲು ನನ್ನ ಜಗಲಿಗೇ ಬರುತ್ತಿದ್ದರು.

ಸಭೆಯಲ್ಲಿ ನರಸಿಂಹರಾಜಪುರದಲ್ಲಿ ಸಸಿ ಮಾರುವ ಕಲ್ಲೇಶ್ ಎದ್ದು, “ನಮ್ಮ ಸಸಿ ನೂರಕ್ಕೆ ಎಪ್ಪತ್ತು ಹಿಡಿಯುತ್ತೆ” ಎಂದ. ಬಿಲ್ಕಿಸ್ ನಾರಿನ ಗಂಟು ಮುಟ್ಟಿ ನೋಡಿ, “ನಮ್ದು ನೂರಕ್ಕೆ ಇಪ್ಪತ್ತು ಸಾಯುತ್ತೆ” ಎಂದಳು.

“ಹೆಣ್ಣು ತೋರಿಸೋಕೆ ಬಂದು ಅವಳ ಕಾಯಿಲೆ ಹೇಳಿದ ಹಾಗಾಯ್ತಲ್ಲೇ!” ಎಂದೆ. ಸಭೆ ಗೊಳ್ಳೆಂದಿತು. ಆರ್ಡರ್ ಕಲ್ಲೇಶನಿಗೆ ಹೋಯಿತು. ಅವಳ ಸಸಿಗಳು ಪ್ಲಾಸ್ಟಿಕ್ ಕೊಟ್ಟೆಯಲ್ಲೇ ಬೇರು ಸುತ್ತಿಕೊಂಡು ಹಳದಿಗಟ್ಟಿದವು.

ಈ ವರ್ಷ ನಮ್ಮವರು ನೆಟ್ಟ ಕಲ್ಲೇಶನ ಬಳ್ಳಿಗಳನ್ನು ನೋಡಲು ಹೋದೆ. ಅವನು ಸುಳ್ಳು ಹೇಳಿರಲಿಲ್ಲ: ಎಪ್ಪತ್ತು ಹಿಡಿದಿದ್ದವು, ಮೂವತ್ತು ಒಣಗಿದ್ದವು. ಮೂವತ್ತು ಎನ್ನುವಾಗ ಬಿಲ್ಕಿಸಳ ಇಪ್ಪತ್ತು ನೆನಪಾಯಿತು. ನೂರರಲ್ಲಿ ಇಪ್ಪತ್ತು ಸತ್ತರೆ ಎಂಬತ್ತು ಬದುಕುತ್ತವೆ. ಸಣ್ಣ ಮಕ್ಕಳು ಕಳೆಯುವ ಲೆಕ್ಕ! ಬದುಕುವ ಮಾತಿಗೆ ಮರುಳಾಗಿ, ಸಾಯುವ ಮಾತಿಗೆ ಬೆಚ್ಚಿ, ಅದನ್ನು ನಾನು ಕಳೆಯಲೇ ಇಲ್ಲ.

ಅವಳ ಮನೆಗೆ ಹೋಗಿ, “ತಪ್ಪಾಯ್ತು ತಂಗಿ” ಎಂದೆ.

“ಚಾ ಕುಡೀರಿ, ಆರುತ್ತೆ. ಇಲ್ಲಿ ಹೇಳಿ ಎಂತ ಆಗ್ಬೇಕು, ವಾಸಪ್ಪಣ್ಣ? ನೀವು ನಗಿಸಿದ್ದು ಸಭೆಯಲ್ಲಲ್ವಾ?”

ಮುಂದಿನ ಸಭೆಯಲ್ಲಿ ಎದ್ದು ನಿಂತೆ. ಲೆಕ್ಕದ ವಾಸಪ್ಪ ಏನು ಹೇಳುತ್ತಾನೋ ಎಂದು ಎಲ್ಲರೂ ಕಿವಿ ನಿಮಿರಿಸಿದರು. ತಪ್ಪಿನ ಮಾತು ಬಿಟ್ಟು ಕೊಳೆರೋಗದ ಬಗ್ಗೆ ಏನೋ ಗೊಣಗಿ ಕೂತುಬಿಟ್ಟೆ. ಹಿಂದಿನ ಬೆಂಚಿನಲ್ಲಿದ್ದ ಬಿಲ್ಕಿಸ್ ನಾರನ್ನು ಬೆರಳಿಗೆ ಸುತ್ತಿಕೊಂಡು ಎದ್ದು ಹೋದಳು.

ಆ ದಿನ ನಕ್ಕವರೆಲ್ಲ ಓದುವ ಸಂಘದ ಈ ಪುಸ್ತಿಕೆಯಲ್ಲಿ ಈಗ ಬರೆಯುತ್ತಿದ್ದೇನೆ: ಅವಳ ಲೆಕ್ಕ ಸರಿಯಿತ್ತು. ತಪ್ಪಿದವನು ನಾನು.