ಮಾವನ ಹೆಸರಿದ್ದ ಪಾಠ

ಇವತ್ತೊಂದು ದಿನ ಹೇಳಿಬಿಡು ಎಂದು ಅವಳಿಗೆ ಹೇಳಬಹುದೇ? ಇಲ್ಲ, ತಾನೇ ಬಾಯಿ ಬಿಡಬೇಕೇ?

ಕಂಬಳಿ ಹೊದ್ದು, ಕತ್ತೆಯ ಬೆನ್ನಿಗೆ ಕರಿಹಲಗೆ ಬಿಗಿಯುತ್ತಿರುವ ಖೆತಿಸಾ ಅವರ ತಲೆಯಲ್ಲಿ ಇದೊಂದೇ. ಲೆಸೊಥೊದ ಬೆಟ್ಟಗಳಲ್ಲಿ ಇನ್ನೂ ಬೆಳಕು ಹರಿದಿಲ್ಲ. ಇಂದು ವಯಸ್ಕರ ಓದಿನ ಪರೀಕ್ಷೆ. ಹನ್ನೆರಡು ಮಂದಿ ಪಾಸಾದರೆ ಮಾತ್ರ ಹೊರದೇಶದ ಸಂಸ್ಥೆ ಮುಂದಿನ ವರ್ಷವೂ ತರಗತಿ ನಡೆಸುತ್ತದೆ. ಹನ್ನೊಂದು ಮಂದಿಯ ಚಿಂತೆಯಿಲ್ಲ. ಹನ್ನೆರಡನೆಯವಳು ಮಾನೆಯೊ. ಈ ಸಲ ಓದಬೇಕಾದ ಪಾಠದಲ್ಲಿ ‘ಪಿತ್ಸೊ’ ಎಂಬ ಪದವಿದೆ, ಊರಸಭೆ ಎಂದರ್ಥ. ಅವಳ ಮಾವನ ಹೆಸರೂ ಅದೇ. ಇಲ್ಲಿ ಸೊಸೆ ಮಾವನ ಹೆಸರನ್ನು ಆಡುವುದಿಲ್ಲ.

ಹದಿನಾರು ವರ್ಷಗಳಿಂದ ಖೆತಿಸಾ ಪಾಠ ಹೇಳಲು ದಿನಕ್ಕೆ ನಾಲ್ಕು ಗಂಟೆ ಹೀಗೆ ನಡೆಯುತ್ತಾರೆ. ಗಣಿಯಲ್ಲಿ ದುಡಿದು, ಕೆಮ್ಮು ಹಿಡಿಸಿಕೊಂಡು ಮರಳಿದವರು. ಯಾಕೆ ಈ ಪಾಡು ಎಂದರೆ ಹೇಳುತ್ತಾರೆ: “ಅಲ್ಲಿ ಜೊತೆಯವರ ಕಾಗದ ನಾನೇ ಓದಿ ಹೇಳ್ತಿದ್ದೆ. ಗಂಡ ಹೆಂಡತಿ ಮಾತು ಮೂರನೆಯವನ ಬಾಯಲ್ಲಿ. ಕೇಳೋನಿಗೂ ನಾಚಿಕೆ, ನನಗೂ ನಾಚಿಕೆ.”

ತರಗತಿ ನಡೆಯುವ ಕಲ್ಲಿನ ಗುಡಿಸಲ ಮುಂದೆ ಹೆಂಗಸರು ಆಗಲೇ ಸೇರಿದ್ದಾರೆ.

“ನ್ತಾತೆ, ಮೇಷ್ಟ್ರಪ್ಪಾ, ಇಷ್ಟು ವರ್ಷದಲ್ಲಿ ನಿಮ್ಮ ಕತ್ತೆಗೂ ಅಕ್ಷರ ಬಂದಿರಬೇಕಲ್ಲ?”

“ಬಂದಿದೆ ತಾಯಿ. ನಿಮ್ಮ ಹಾಗೆ ಹರಟೆ ಹೊಡೆಯಲ್ಲ, ಅಷ್ಟೆ.”

ಪರೀಕ್ಷಕಿ ದೂರದೇಶದವಳು, ಇಲ್ಲಿನ ಭಾಷೆ ಕಲಿತವಳು. ಮಾನೆಯೊ ಸಲೀಸಾಗಿ ಓದುತ್ತಾ ಬಂದು ಆ ಪದದ ಮುಂದೆ ನಿಲ್ಲುತ್ತಾಳೆ.

“ಗೊತ್ತಿಲ್ಲವೇನಮ್ಮಾ?”

“ಗೊತ್ತಿದೆ. ಅದಕ್ಕೇ ಆಗಲ್ಲ.”

ಪರೀಕ್ಷಕಿಯ ಪೆನ್ಸಿಲು ಹಾಳೆಗೆ ಇಳಿಯುತ್ತದೆ. ಗೋಡೆಗೊರಗಿದ್ದ ಖೆತಿಸಾ ಕೆಮ್ಮುತ್ತಾರೆ, ಆಮೇಲೆ ಮುಂದೆ ಬರುತ್ತಾರೆ. “ಅದು ಅವಳ ಮಾವನ ಹೆಸರು, ಆಡೋ ಹಾಗಿಲ್ಲ. ಅರ್ಥ ಕೇಳಿ ನೋಡಿ.”

ಮಾನೆಯೊ ತಲೆ ಎತ್ತುವುದಿಲ್ಲ. “ಮುಖಂಡ ಊರನ್ನೆಲ್ಲ ಕರೆಸೋ ಜಾಗ. ಗಂಡಸರು ಮಾತಾಡ್ತಾರೆ, ನಾವು ಬಿಸಿಲಲ್ಲಿ ಕೂತಿರ್ತೀವಿ.”

ಹೆಂಗಸರು ನಗುತ್ತಾರೆ. ಪರೀಕ್ಷಕಿ ಸರಿ ಎಂದು ಗುರುತು ಹಾಕುತ್ತಾಳೆ. ಹನ್ನೆರಡು.

ಹೊರಗೆ ಖೆತಿಸಾ ಅವರ ಹೆಂಡತಿ ಮಥಾಟೊ ಎಲ್ಲರಿಗೂ ಚಹಾ ಕಾಯಿಸುತ್ತಿದ್ದಾರೆ. ಇನ್ನೇನು ಬೇಕು ಎಂದು ಪರೀಕ್ಷಕಿ ಕೇಳಿದರೆ ಖೆತಿಸಾ ಹಲಗೆಯ ಕಡೆ ನೋಡುತ್ತಾರೆ. “ಇದಕ್ಕಿಂತ ಹಗುರದ್ದೊಂದು. ಕತ್ತೆಗೂ ವಯಸ್ಸಾಯ್ತು.”

ಹದಿನಾರು ವರ್ಷಗಳ ಹಿಂದೆ, ಮೊದಲ ಪರೀಕ್ಷೆಯಲ್ಲಿ, ಮಥಾಟೊ ಕೂಡ ತಮ್ಮ ಮಾವನ ಹೆಸರಿನ ಮುಂದೆ ಹೀಗೇ ನಿಂತಿದ್ದರು. ಅಂದಿನ ಪರೀಕ್ಷಕರು ಓದು ಬಾರದು ಎಂದು ಬರೆದುಕೊಂಡು ಹೋದರು. ಅಂದಿನಿಂದ ಆಕೆ ಪುಸ್ತಕ ಮುಟ್ಟಿಲ್ಲ. ಚಹಾ ಮಾತ್ರ ಕಾಯಿಸುತ್ತಾರೆ. ಅಂದೂ ಖೆತಿಸಾ ಇದೇ ಗೋಡೆಗೆ ಒರಗಿ ನಿಂತಿದ್ದರು. ಆಕೆಗೆ ಓದು ಬರುತ್ತದೆ ಎಂದು ಅವರು ಹೇಳಲಿಲ್ಲ.